ಅಪ್‌ಡೇಟ್: ಡ್ರಾಯಿಂಗ್ ರೊಕ್ಕಕ್ಕ ಯಾವ ಇನ್ಕಮ್ ಟ್ಯಾಕ್ಸ್ ಫಾರ್ಮ್ ತುಂಬಬೇಕು ಅಂತ ಹಿಂದ ಕೇಳಿದ್ನಲ್ರೀ

ಪಗಾರದ ಜೋಡಿ ಸಂಜಿಮುಂದ ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡಿಕೊಟ್ಟು ಬಂದ ರೊಕ್ಕ, 2024-25ರ ಲೆಕ್ಕಾ, ಮುಗೀತ್ರಿ. ಬಾಗಲಕೋಟಿ ನವನಗರದಾಗ ಸಿಎ ಒಬ್ರ ಕಡೆ ಹೋದೆ, ಅವ್ರು ಮೊದ್ಲ 26ಎಎಸ್ (ನಮ್ಮ ಹೆಸರಿನ ಮ್ಯಾಲೆ ಹಿಡದ ಟ್ಯಾಕ್ಸಿನ ಪಟ್ಟಿ) ತೆಗದ್ರು, ನೋಡಿದ್ರ ಬಿಲ್ಡರ್ ಕೊಟ್ಟಿದ್ದರಾಗ 10% ಟಿಡಿಎಸ್ (ರೊಕ್ಕ ಕೊಡೂ ಮುಂದನ ಹಿಡಿಯೂ ಟ್ಯಾಕ್ಸ್) ಹಿಡದದ್ದು 194ಜೆ, ಅಂದ್ರ ವೃತ್ತಿ ಫೀ ಕಲಂ, ಅಂತ ಬಂದು ಕುಂತೈತಿ, ಅಂದ್ರ ಇಲಾಖೆಗೆ ನನಗಿಂತ ಮೊದ್ಲ ಗೊತ್ತು! ಇದು ವೃತ್ತಿ ಗಳಿಕಿ, ಹಂಗಾಗಿ ಪಗಾರದವ್ರ ಸಾದಾ ಫಾರ್ಮ್ ಐಟಿಆರ್-1 ನಡ್ಯಂಗಿಲ್ಲ, ಐಟಿಆರ್-4 ತುಂಬಿದ್ವಿ. ಎಂಜಿನಿಯರಿಂಗ್ ಕೆಲಸ ಅಲ್ಲೇನ್ರಿ, 44ಎಡಿಎ ಅನ್ನೂ ಕಲಂ ಒಳಗ ಬಂದದ್ದರ ಅರ್ಧಾ ಲಾಭ ಅಂತ ತೋರ್ಸಿದ್ರ ಸಾಕಾತು, ಪೆಟ್ರೋಲ್ ಚೀಟಿ, ಪ್ರಿಂಟಿನ ಬಿಲ್ ಹುಡುಕೂ ತ್ರಾಸ ಇರ್ಲಿಲ್ಲ. ಹಿಡದ ಟಿಡಿಎಸ್ ಒಟ್ಟು ಟ್ಯಾಕ್ಸಿನಾಗ ವಜಾ ಆತು. ಅಡ್ವಾನ್ಸ್ ಟ್ಯಾಕ್ಸ್ (ವರ್ಷ ಮುಗಿಯೂದ್ರೊಳಗ ಕಟ್ಟೂ ಟ್ಯಾಕ್ಸ್) ಕೇಳಿದವ್ರಿಗೆ: ಟಿಡಿಎಸ್ ಕಳದು 10 ಸಾವಿರ ಇಲ್ಲಾ ಅದಕ್ಕೂ ಹೆಚ್ಚು ಟ್ಯಾಕ್ಸ್ ಉಳಿಯೂ ಹಂಗಿದ್ರ ನನ್ನಂಗ ಅರ್ಧಾ ಲಾಭ ತೋರ್ಸೂವ್ರು ಮಾರ್ಚ್ 15ರೊಳಗ ಕಟ್ಟಬೇಕು, ಇಲ್ಲಂದ್ರ ಬಡ್ಡಿ ಬೀಳ್ತೈತ್ರಿ.