ಚಿಕ್ಕ ಕೈಗೆ ಫ್ರೆಟ್‌ಲೆಸ್ ಬೇಸ್: 30 ಇಂಚಾ, 32 ಇಂಚಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮಗಳಿಗೆ ಅಂತ ನಾಲ್ಕು ತಂತಿಯ ಫ್ರೆಟ್‌ಲೆಸ್ (ಕತ್ತಿನ ಮೇಲೆ ಲೋಹದ ಅಡ್ಡಪಟ್ಟಿ ಇಲ್ಲದ) ಬೇಸ್ ಗಿಟಾರ್ ಮಾಡುತ್ತಿದ್ದೇನೆ. ಅವಳ ಕೈ ಚಿಕ್ಕದು. ಇಂಚು ಅಂದರೆ ತಂತಿ ಮಿಡಿಯುವ ಉದ್ದ: ಕತ್ತಿನ ತುದಿಯಲ್ಲಿ ತಂತಿ ಕೂರುವ ನಟ್‌ನಿಂದ ಬುಡದ ಬ್ರಿಡ್ಜ್‌ವರೆಗೆ. ಮಾಮೂಲಿ 34 ಇಂಚಿನ ಬೇಸ್‌ನಲ್ಲಿ ಮೊದಲ ಸ್ವರವೇ ನಟ್‌ನಿಂದ 1.9 ಇಂಚು ದೂರ. 30 ಇಂಚಿನದ್ದಾದರೆ ಸುಮಾರು 1.7. ಹಾಗಾಗಿ 30 ಅಂತ ಹೊರಟೆ.

ತಲೆನೋವು ದಪ್ಪನೆಯ ಇ ತಂತಿಯದ್ದು. ಒಂದು ಹಲಗೆಗೆ ಟ್ಯೂನರ್, ಬ್ರಿಡ್ಜ್ ಕೂರಿಸಿ, ಬೆರಳು ಒತ್ತುವ ಬೀಟೆ ಪಟ್ಟಿ ಇಟ್ಟು, 105ರ (0.105 ಇಂಚು ದಪ್ಪದ) ರೌಂಡ್‌ವೂಂಡ್ (ದುಂಡು ಸರಿಗೆ ಸುತ್ತಿದ) ತಂತಿ ಎಳೆದು ನೋಡಿದೆ. ಶ್ರುತಿಗೆ ಬಂದ ಮೇಲೂ ಸಡಿಲ ಸಡಿಲ. ಸ್ವಲ್ಪ ಜೋರಾಗಿ ಮೀಟಿದರೆ ಪಟ್ಟಿಗೆ ಬಡಿದು ಗರಗರ ಅನ್ನುತ್ತದೆ. ಫ್ರೆಟ್‌ಲೆಸ್‌ನಲ್ಲಿ ಆ ಎಳೆದಂತೆ ಕೇಳುವ ‘ಮ್ವಾ’ ನಾದ ಬೇಕು ನಿಜ, ಆದರೆ ಇದು ಅದಲ್ಲ! ಬ್ರಿಡ್ಜ್ ಎತ್ತರಿಸಿದರೆ ಗರಗರ ನಿಲ್ಲುತ್ತದೆ, ಆದರೆ ಬೆರಳು ಒತ್ತಿದ ಕೂಡಲೇ ಸ್ವರ ಮೇಲೇರುತ್ತದೆ. ಉಳಿದ ಮೂರು ತಂತಿ ಚೆನ್ನಾಗಿವೆ.

ಲೆಕ್ಕ ಹಾಕಿದೆ. ಅದೇ ತಂತಿ, ಅದೇ ಶ್ರುತಿ ಇಟ್ಟುಕೊಂಡು 34ರಿಂದ 30ಕ್ಕೆ ಇಳಿದರೆ ಬಿಗಿ ಸುಮಾರು ಶೇ. 22 ಕಡಿಮೆ. 32 ಇಂಚಿಗೆ ಶೇ. 11 ಅಷ್ಟೇ. ಆದರೆ ಅಲ್ಲಿ ಮೊದಲ ಸ್ವರ 1.8 ಇಂಚಿಗೆ ಹೋಗುತ್ತದೆ, ಚಿಕ್ಕ ಕೈಗೆ ಅದೂ ಜಾಸ್ತಿ ಅಲ್ವಾ?

ಅವಳಿಗೆ ಕಲಿಯಲು ಪಟ್ಟಿಯಲ್ಲಿ ಸ್ವರದ ಜಾಗ ತೋರಿಸುವ ಗೆರೆ ಬೇಕು. ಒಮ್ಮೆ ಗೆರೆ ಕೊರೆದರೆ ಅಳತೆ ಬದಲಿಸುವ ಹಾಗಿಲ್ಲ. ಅದಕ್ಕೇ ಗರಗಸ ಕೆಳಗಿಟ್ಟು ಕೂತಿದ್ದೇನೆ.

ಮಾಡಿದವರು, ನುಡಿಸಿದವರು ಹೇಳಿ: 30 ಇಂಚಿನಲ್ಲೇ ಉಳಿದು ಇ ತಂತಿಗೆ 110ರ ಫ್ಲಾಟ್‌ವೂಂಡ್ (ಚಪ್ಪಟೆ ಸರಿಗೆ ಸುತ್ತಿದ ತಂತಿ) ಹಾಕಿದರೆ ಈ ಗರಗರ ಹೋಗುತ್ತದಾ, ಅಥವಾ 32ಕ್ಕೆ ಹೋಗಲೇಬೇಕಾ?