ಬಿಪಿ ಜಾಸ್ತಿ ಇದ್ದ ಅಪ್ಪನಿಗೆ ಅರಿವಳಿಕೆ ಕೊಟ್ಟ ಕೂಡಲೇ ಬಿಪಿ ಬಿದ್ದಿದ್ದು ಯಾಕೆ?

ಕಬ್ಬಿನಗದ್ದೆ, ಮಂಡ್ಯ
ಹೋದ ವಾರ ಮೈಸೂರಿನಲ್ಲಿ ಅಪ್ಪನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಹತ್ತು ವರ್ಷದಿಂದ ಬಿಪಿ ಮಾತ್ರೆ ನುಂಗುವ ಮನುಷ್ಯ. 150/90ರ ಕೆಳಗೆ ಬಂದಿದ್ದೇ ಅಪರೂಪ. "ಮಲಗಿಸೋ ಇಂಜೆಕ್ಷನ್ ಕೊಟ್ಟ ತಕ್ಷಣ 80/50 ಆಗಿತ್ತು, ಸರಿ ಮಾಡಿದ್ವಿ" ಅಂದರು ಡಾಕ್ಟರು. ಚೀಟಿಯಲ್ಲಿ ಪ್ರೊಪೋಫೋಲ್ ಅಂತಿದೆ. ಒಂದು ಹನಿ ರಕ್ತ ಹೋಗುವ ಮೊದಲೇ ಬಿಪಿ ಬಿದ್ದಿದ್ದು ಹೇಗೆ? ಅಪ್ಪ ಆರಾಮಾಗಿ ಮುದ್ದೆ ಉಣ್ಣುತ್ತಿದ್ದಾರೆ, ನಿದ್ದೆ ಇಲ್ಲದಿರುವುದು ನನಗೆ.

ಓಟಿ ಡ್ಯೂಟಿ, ಮೈಸೂರು
ನಾನು ಅರಿವಳಿಕೆ ಟೆಕ್ನಿಷಿಯನ್. ಆ ಹಾಲಿನಂಥ ಔಷಧಿಯನ್ನು ದಿನಾ ಸಿರಿಂಜಿಗೆ ಎಳೆಯುತ್ತೇನೆ. ಸೋಯಾ ಎಣ್ಣೆ ಬೆರೆತಿರುವುದರಿಂದ ಆ ಬಿಳಿ ಬಣ್ಣ.

ವಿಸಿ ನಾಲೆ ನೋಡಿದ್ದೀರಲ್ಲ? ಕೆಆರ್‌ಎಸ್‌ನಿಂದ ಅಷ್ಟೇ ನೀರು ಬಿಟ್ಟು, ನಾಲೆ ಮಾತ್ರ ಇದ್ದಕ್ಕಿದ್ದಂತೆ ಅಗಲವಾದರೆ ಮಟ್ಟ ಇಳಿಯುತ್ತದೆ. ಕೊನೆ ಭಾಗದ ಗದ್ದೆಗೆ ನೀರು ಏರುವುದಿಲ್ಲ. ಅಪ್ಪನಿಗೂ ಹೆಚ್ಚುಕಮ್ಮಿ ಹಾಗೇ. ರಕ್ತ ಎಲ್ಲೂ ಹೋಗಿಲ್ಲ, ನಾಳ ಸಡಿಲವಾಯಿತು.

ನಾಳದ ಗೋಡೆಯಲ್ಲಿ ಸ್ನಾಯು ಇದೆ. ಸಿಂಪಥೆಟಿಕ್ ನರಗಳು ಅದನ್ನು ಸದಾ ಬಿಗಿ ಹಿಡಿಸಿರುತ್ತವೆ. ಪ್ರೊಪೋಫೋಲ್ ಮುಖ್ಯವಾಗಿ ಆ ನರಗಳ ಬಾಯಿ ಮುಚ್ಚಿಸುತ್ತದೆ. ಸ್ನಾಯು ಬಿಗಿಯಲು ಕ್ಯಾಲ್ಸಿಯಂ ಒಳಗೆ ಬರಬೇಕು, ಅದನ್ನೂ ಸ್ವಲ್ಪ ತಡೆಯುತ್ತದೆ. ಸಡಿಲವಾದ ನಾಳದಲ್ಲೇ ರಕ್ತ ನಿಂತು, ಹೃದಯಕ್ಕೆ ವಾಪಸ್ ಬರುವುದು ಕಡಿಮೆ. ಬಿಪಿ ಬಿದ್ದರೆ ಹೃದಯ ಜೋರಾಗಿ ಬಡಿಯಬೇಕು ಅಲ್ವಾ? ಈ ಔಷಧಿ ಅದನ್ನೂ ಮಂಕು ಮಾಡುತ್ತದೆ. ವಯಸ್ಸಾದವರಲ್ಲಿ, ಬಿಪಿ ಇರುವವರಲ್ಲಿ ಇಳಿತ ಜಾಸ್ತಿ. ಅಂದು ಬೆಳಗ್ಗೆ ಯಾವ ಮಾತ್ರೆ ಕೊಟ್ಟಿರಿ?

ಕಬ್ಬಿನಗದ್ದೆ
ಟೆಲ್ಮಿಸಾರ್ಟಾನ್. ನಾನೇ ಆರು ಗಂಟೆಗೆ ಒಂದು ಗುಟುಕು ನೀರಲ್ಲಿ ಕೊಟ್ಟೆ! ತಪ್ಪಿಸಬಾರದು ಅಂತ ಯಾರೋ ಅಂದಿದ್ದರು.

ಓಟಿ ಡ್ಯೂಟಿ
ಅದರದ್ದೂ ಒಂದು ಪಾಲು ಇರಬಹುದು. ಸಾರ್ಟಾನ್ ಜಾತಿಯ ಮಾತ್ರೆಯನ್ನು 24 ಗಂಟೆ ಮೊದಲೇ ನಿಲ್ಲಿಸಿ ಅಂತ ಬಹಳ ಕಡೆ ಹೇಳುತ್ತಾರೆ. ಹೃದಯದ ಬಡಿತ ತಗ್ಗಿಸುವ ಅಟೆನೊಲಾಲ್ ತರಹದ ಬಿಪಿ ಮಾತ್ರೆಯನ್ನು ಮಾತ್ರ ಇದ್ದಕ್ಕಿದ್ದಂತೆ ಬಿಡಬಾರದು. ಸುಮ್ನೆ ಯಾರೋ ಅಂದರು ಅಂತ ಮಾಡಬೇಡಿ, ಅರಿವಳಿಕೆ ಡಾಕ್ಟರನ್ನೇ ಕೇಳಿ.

ಸಯ್ಯಾಜಿರಾವ್ ರಸ್ತೆ
ನನ್ನ ಹೆಂಡತಿಗೆ ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗಲೂ ಬಿಪಿ ಬಿತ್ತು. ವಾಂತಿ ಬಂದ ಹಾಗಾಯಿತಂತೆ. ಅದೂ ಇದೇನಾ?

ಓಟಿ ಡ್ಯೂಟಿ
ಊರು ಅದೇ, ದಾರಿ ಬೇರೆ. ಬೆನ್ನಿಗೆ ಕೊಡುವ ಬುಪಿವಕೇನ್, ನಾಳ ಬಿಗಿ ಹಿಡಿಸುವ ಆ ನರಗಳನ್ನೇ ಮರಗಟ್ಟಿಸುತ್ತದೆ. ಎರಡಕ್ಕೂ ಡ್ರಿಪ್ ಓಡಿಸಿ, ನಾಳ ಬಿಗಿಯಾಗಲು ಫಿನೈಲೆಫ್ರಿನ್ ಕೊಡುತ್ತಾರೆ. ನಾವು ಅದನ್ನು ಮೊದಲೇ ತುಂಬಿಟ್ಟುಕೊಂಡಿರುತ್ತೇವೆ.

ಕಬ್ಬಿನಗದ್ದೆ
ಅಪ್ಪನಿಗೆ ನಾಲೆ ಕತೆ ಓದಿ ಹೇಳಿದೆ. "ಕೊನೆ ಭಾಗದ ರೈತನಿಗೆ ಇದನ್ನ ಬಿಡಿಸಿ ಹೇಳ್ಬೇಕಾ?" ಅಂದರು.