ಸಹಾಯ ಬೇಕು: ಶಿಫ್ಟ್ ಕೆಲಸದ ಅಪ್ಪಂದಿರು ಮನೆ ಪ್ರಾರ್ಥನೆ ಹೇಗೆ ನಡೆಸುತ್ತೀರಿ?

ಎಲ್ಲರಿಗೂ ವಂದನೆ. ನಾವು ಬಳ್ಳಾರಿಯವರು. ನನಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಸೆಕೆಂಡ್ ಶಿಫ್ಟ್ ಇದ್ದರೆ ಮನೆ ಸೇರುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ಮಕ್ಕಳು ಮಲಗಿರುತ್ತಾರೆ. ಮಗ ಡೈರಿ ತೆರೆದು, ಸಹಿ ಹಾಕುವ ಜಾಗಕ್ಕೆ ಪೆನ್ನಿಟ್ಟು, ನನ್ನ ಊಟದ ತಟ್ಟೆ ಪಕ್ಕ ಇಟ್ಟಿರುತ್ತಾನೆ. ಆ ವಾರ ನಮ್ಮ ಮಾತುಕತೆ ಅಷ್ಟೇ!

ಸಂಜೆ ಪ್ರಾರ್ಥನೆ ಮನೆಯವಳೇ ನಡೆಸುತ್ತಾಳೆ. ಅಪ್ಪ ಅಂದ್ರೆ ಭಾನುವಾರ ಚರ್ಚಿಗೆ ಬೈಕಿನಲ್ಲಿ ಕರೆದುಕೊಂಡು ಹೋಗುವವನು ಅಷ್ಟೇ ಅಂತ ಮಕ್ಕಳಿಗೆ ಅನಿಸಬಾರದು, ಅಲ್ವಾ? ಬೈಬಲಿನ ಧರ್ಮೋಪದೇಶಕಾಂಡ 6:7ರಲ್ಲಿ ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳ ಜೊತೆ ದೇವರ ಮಾತು ಆಡಿ ಅಂತಿದೆ. ಹಾಗಾದರೆ ಬೆಳಿಗ್ಗೆ ಸ್ಕೂಲಿಗೆ ಬಿಡುವ ದಾರಿಯೂ ಆಗುತ್ತದೆ ಅಂತ ನನ್ನ ಲೆಕ್ಕ. ಆದರೆ ಮಗಳಿಗೆ ಹದಿನಾಲ್ಕು. ಬೈಕಿನ ಮೇಲೆ ಉಪದೇಶ ಶುರು ಮಾಡಿದರೆ ‘ಹೂಂ’ ಅಂತಾಳೆ, ಮುಗೀತು. ಎಫೆಸ 6:4 ಬೇರೆ ಮಕ್ಕಳನ್ನು ರೇಗಿಸಬೇಡಿ ಅಂತ ಅಪ್ಪಂದಿರಿಗೇ ಹೇಳುತ್ತದೆ.

ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ ಇವೆ, ತಾರೀಖಿಗೆ ಒಂದರಂತೆ ಓದಿಸಿ ಅಂತ ನಮ್ಮ ಚರ್ಚಿನ ಅಯ್ಯನವರು (ಪಾಸ್ಟರ್) ಹೇಳಿದರು. ಮಕ್ಕಳಿಬ್ಬರೂ ಇಂಗ್ಲಿಷ್ ಮೀಡಿಯಂ, ಕನ್ನಡ ತಡವರಿಸಿ ಓದುತ್ತಾರೆ. ಪೂರ್ತಿ ಅಧ್ಯಾಯ ಜಾಸ್ತಿ ಆಗುತ್ತೆ. ನಾಲ್ಕು ವಚನ ಸಾಕಾ? ನೈಟ್ ಶಿಫ್ಟ್ ವಾರ ಫೋನಿನಲ್ಲಿ ಪ್ರಾರ್ಥನೆ ಮಾಡುವವರು ಯಾರಾದರೂ ಇದ್ದೀರಾ? ಹದಿಹರೆಯದ ಮಕ್ಕಳು ಒಪ್ಪಿಕೊಂಡರಾ? ಸುಮ್ನೆ ‘ಪ್ರಾರ್ಥಿಸುತ್ತೇವೆ’ ಅಂತ ಬರೆಯದೆ, ನಿಮ್ಮ ಮನೆಯಲ್ಲಿ ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಅಂತ ತಿಳಿಸಿದರೆ ಉಪಕಾರ.